ಊರಿನವರೇ ಅನುವುಗಾರರು

ಚಿಕ್ಕೋಡಿ ಸೀಮೆ ಎಂದರೆ ಹೊರಗಿನವರ ಕಣ್ಣಿಗೆ ಕಟ್ಟುವುದು ಕೃಷ್ಣೆಯ ದಂಡೆ, ಕಬ್ಬು, ಸಕ್ಕರೆ ಕಾರ್ಖಾನೆ, ನಿಪ್ಪಾಣಿಯ ತಂಬಾಕು. ಅಥಣಿ ದಾಟಿ ತೆಲಸಂಗದ ಕಡೆ ಹೊರಟರೆ ನೋಟವೇ ಬೇರೆ. ಮಳೆಯನ್ನೇ ನಂಬಿದ ಎರಿ ಹೊಲಗಳು, ಹಿಂಗಾರಿಗೆ ಬಿಳಿಜೋಳ, ಕಡಲೆ. ನೀರಾವರಿ ರೈತ ಒಂದು ತಪ್ಪು ಮಾಡಿದರೆ ನೀರು ಹಾಯಿಸಿ ಸರಿಪಡಿಸಿಕೊಂಡಾನು. ಒಣಬೇಸಾಯದವನಿಗೆ ಆ ಅವಕಾಶವಿಲ್ಲ. ತಿಳಿವಳಿಕೆ ಬಿತ್ತನೆಗೆ ಮೊದಲೇ ಹೊಲಕ್ಕೆ ಬರಬೇಕು.

ತಿಳಿವಳಿಕೆಗೇನೂ ಬರವಿರಲಿಲ್ಲ. 1930ರ ದಶಕದಲ್ಲೇ ನೆರೆಯ ಸೊಲ್ಲಾಪುರ ಮತ್ತು ವಿಜಯಪುರದಲ್ಲಿ ಒಣಬೇಸಾಯ ಸಂಶೋಧನಾ ಕೇಂದ್ರಗಳು ಆರಂಭವಾದವು. ಬದು ಹಾಕಿ, ಅಂತರ ಬಿಟ್ಟು ಬಿತ್ತಿ, ಮತ್ತೆ ಮತ್ತೆ ಎಡೆ ಹೊಡೆಯಿರಿ ಎಂದು ಅಲ್ಲಿನ ಸಂಶೋಧಕರು ಆಗಲೇ ಹೇಳಿದ್ದರು. ಇಂದಿಗೂ ರೊಟ್ಟಿಗೆ ಜನ ಮೆಚ್ಚುವ ಮಾಲದಂಡಿ ಜೋಳ, ಅಂದರೆ ಎಂ 35-1, ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆಯ್ದ ತಳಿ. ಕೊರತೆ ಇದ್ದದ್ದು ಸಂಶೋಧನೆ ಹೊಲ ಮುಟ್ಟುವ ದಾರಿಯಲ್ಲಿ.

2000ರಲ್ಲಿ ಬಂದ ರೈತಮಿತ್ರ ಯೋಜನೆ ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಕೊಟ್ಟಿತು. ಆದರೂ ಕೈಬೆರಳೆಣಿಕೆಯ ಸಿಬ್ಬಂದಿ ಹತ್ತಾರು ಹಳ್ಳಿ ಸುತ್ತುವುದು ಸುಲಭವಲ್ಲ. ಈ ಅಂತರ ತುಂಬಲು ಹೊರಟದ್ದು 2009ರ ಭೂಚೇತನ. ಕೃಷಿ ಇಲಾಖೆ, ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆ ಮತ್ತು ಕೃಷಿ ವಿಶ್ವವಿದ್ಯಾಲಯಗಳು ಕೈಜೋಡಿಸಿದ ಈ ಕಾರ್ಯಕ್ರಮ ಆರು ಜಿಲ್ಲೆಗಳಲ್ಲಿ ಶುರುವಾಗಿ ಮುಂದೆ ರಾಜ್ಯದ ಅಂದಿನ 30 ಜಿಲ್ಲೆಗಳಿಗೂ ಹಬ್ಬಿತು.

ಇದರ ಬೆನ್ನೆಲುಬು ರೈತ ಅನುವುಗಾರರು. ಸುಮಾರು 500 ಹೆಕ್ಟೇರಿಗೆ ಒಬ್ಬರಂತೆ ಆಯಾ ಊರಿನ ರೈತರನ್ನೇ ಆರಿಸಿ, ಹಂಗಾಮಿಗೆ ಮೊದಲು ತರಬೇತಿ ಕೊಡಲಾಯಿತು. ಮಣ್ಣಿನ ಮಾದರಿ ತೆಗೆಯುವ ಕೆಲಸದಲ್ಲೂ ರೈತರೇ ಪಾಲುದಾರರು. ಪರೀಕ್ಷೆಯಲ್ಲಿ ಹೊರಬಿದ್ದದ್ದು ಸತು, ಬೋರಾನ್, ಗಂಧಕದ ಕೊರತೆ; ಯೂರಿಯಾ, ಡಿಎಪಿ ಎಷ್ಟು ಸುರಿದರೂ ಇಳುವರಿ ಏಕೆ ಏರುತ್ತಿಲ್ಲ ಎಂಬುದಕ್ಕೆ ಅದೊಂದು ಉತ್ತರ. ಜಿಪ್ಸಂ, ಸತುವಿನ ಸಲ್ಫೇಟ್, ಬೋರಾಕ್ಸ್ ಅರ್ಧ ಬೆಲೆಗೆ ಸಿಕ್ಕವು. ಯಾವ ಊರಿನ ಮಣ್ಣಿಗೆ ಏನು ಬೇಕು ಎಂಬುದನ್ನು ಹಳ್ಳಿಯ ಗೋಡೆಗಳ ಮೇಲೇ ಬರೆಸಲಾಯಿತು.

ಬೆಳಗಾವಿ ಜಿಲ್ಲೆಯಲ್ಲಿ ಸಂಶೋಧನೆಯನ್ನು ಹೊಲಕ್ಕೆ ಮುಟ್ಟಿಸುವ ಇನ್ನೆರಡು ಕೊಂಡಿಗಳು ತುಕ್ಕಾನಟ್ಟಿ ಮತ್ತು ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಗಳು. ಇಂಥ ಕೇಂದ್ರಗಳ ಮುಖ್ಯ ಪಾಠ ಮುಂಚೂಣಿ ಪ್ರಾತ್ಯಕ್ಷಿಕೆ. ರೈತನ ಹೊಲದಲ್ಲೇ ಒಂದು ಭಾಗ ವಾಡಿಕೆಯಂತೆ, ಇನ್ನೊಂದು ಹೊಸ ಪದ್ಧತಿಯಂತೆ. ಚೌಕುಮಡಿ ಕಟ್ಟಿ ಬಿದ್ದ ಮಳೆ ಅಲ್ಲೇ ಇಂಗಿಸುವುದು, ಜೋಳದ ಬೀಜವನ್ನು ಶೇ 2ರ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿ ಬಿತ್ತುವುದು, ಇಂಥವನ್ನು ಭಾಷಣದಲ್ಲಿ ಕೇಳಿದವನು ತಲೆದೂಗಿ ಮರೆಯುತ್ತಾನೆ. ಬದುವಿನ ಆಚೆಯ ತೆನೆ ಕಂಡವನು ಮರುವರ್ಷ ತಾನೇ ಕೇಳಿಕೊಂಡು ಬರುತ್ತಾನೆ.

ಈ ಸರಪಳಿಯ ದುರ್ಬಲ ಕೊಂಡಿ ಅನುವುಗಾರರ ನೆಲೆ. ಅವರಿಗೆ ಸಿಗುತ್ತಿದ್ದುದು ಹಂಗಾಮಿನ ಗೌರವಧನ. ಯೋಜನೆಯ ಹೆಸರು ಬದಲಾದಾಗಲೆಲ್ಲ ಅವರ ಸ್ಥಾನವೂ ಅಲುಗುತ್ತಿತ್ತು. ಕಲಿತವರನ್ನು ಉಳಿಸಿಕೊಳ್ಳದ ವ್ಯವಸ್ಥೆ ಪ್ರತಿ ಸಲ ಮೊದಲಿನಿಂದ ಕಲಿಸಬೇಕಾಗುತ್ತದೆ.

ರೈತರು ಮಾತ್ರ ಯೋಜನೆಗಾಗಿ ಕಾಯಬೇಕಿಲ್ಲ. ಬೇಸಿಗೆಯಲ್ಲಿ ಹೊಲ ಖಾಲಿ ಇದ್ದಾಗ ಹತ್ತಾರು ಕಡೆ ಆರು ಇಂಚು ಆಳದ ಮಣ್ಣು ತೆಗೆದು, ಬೆರೆಸಿ, ಅರ್ಧ ಕಿಲೋ ಉಳಿಸಿಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಒಯ್ಯಿರಿ. ವರದಿ ಕೈಗೆ ಬಂದ ಮೇಲೆಯೇ ಗೊಬ್ಬರದ ಅಂಗಡಿಗೆ ಹೋಗಿ.