ಗಾಜನ್ನು ಅಳೆದು ತೀಡುವ ವಿದ್ಯೆ

ದೊಡ್ಡ ದೂರದರ್ಶಕದ ಕನ್ನಡಿಯಲ್ಲಿ ಲೋಹದ ಲೇಪ ಗಾಜಿನ ಮುಂಬದಿಗೇ ಇರುವುದರಿಂದ ನಕ್ಷತ್ರದ ಬೆಳಕು ಗಾಜಿನೊಳಗೆ ಹೋಗುವುದೇ ಇಲ್ಲ. ಸುಮಾರು 100 ನ್ಯಾನೋಮೀಟರ್, ಎಂದರೆ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ದಪ್ಪದ ಅಲ್ಯೂಮಿನಿಯಂ ಪೊರೆಯನ್ನು ತಕ್ಕ ಆಕಾರದಲ್ಲಿ ಹೊತ್ತು ನಿಲ್ಲುವುದಷ್ಟೇ ಟನ್ನುಗಟ್ಟಲೆ ತೂಗುವ ಆ ಗಾಜಿನ ಕೆಲಸ. ಆ ಆಕಾರವನ್ನು ಗಾಜಿನಲ್ಲಿ ಮೂಡಿಸುವುದು, ಮೂಡಿದೆಯೇ ಎಂದು ಅಳೆದು ತಿಳಿಯುವುದು ಈ ಎರಡೂ ಸೇರಿ ಒಂದು ವಿದ್ಯೆಯಾಗಿದ್ದು, ಬೆಂಗಳೂರಿನಲ್ಲಿ ಅದಕ್ಕೆ ಅರ್ಧ ಶತಮಾನದ ಇತಿಹಾಸವಿದೆ.

ಬೊಮ್ಮನಹಳ್ಳಿಯಿಂದ ಹೊಸೂರು ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ದಾಟಿ ನಗರದತ್ತ ಬಂದರೆ ಕೋರಮಂಗಲದ ಎರಡನೆಯ ಬ್ಲಾಕಿನಲ್ಲಿ ಭಾರತೀಯ ಖಭೌತ ಸಂಸ್ಥೆಯಿದೆ. ಅದೇ ರಸ್ತೆಯನ್ನು ಹಿಡಿದು ಎದುರು ದಿಕ್ಕಿಗೆ ಹೊಸೂರು, ಕೃಷ್ಣಗಿರಿಗಳನ್ನು ದಾಟಿ ಹೋದರೆ ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರಿನಲ್ಲಿ ಆ ಸಂಸ್ಥೆಯ ವೀಕ್ಷಣಾಲಯ ಸಿಗುತ್ತದೆ. 1971ರಲ್ಲಿ ಸ್ವಾಯತ್ತವಾದ ಸಂಸ್ಥೆಯ ನಿರ್ದೇಶಕ ಎಂ.ಕೆ. ವೈನು ಬಪ್ಪು ಅವರು ದೊಡ್ಡ ದೂರದರ್ಶಕವೊಂದನ್ನು ಹೊರದೇಶದಿಂದ ಸಿದ್ಧವಾಗಿ ಕೊಳ್ಳುವ ಬದಲು ಇಲ್ಲಿಯೇ ಕಟ್ಟಬೇಕೆಂದು ಹಟ ಹಿಡಿದದ್ದರ ಫಲವೇ ಕಾವಲೂರಿನ 2.34 ಮೀಟರ್ ವ್ಯಾಸದ ದೂರದರ್ಶಕ. ಬಿಸಿಗೆ ಹಿಗ್ಗದ, ಚಳಿಗೆ ಕುಗ್ಗದ ಜೆರೊಡರ್ ಎಂಬ ಗಾಜು ಜರ್ಮನಿಯಿಂದ ಬಂದಿತಾದರೂ, ಅದನ್ನು ಅರೆದು, ಹೊಳಪೇರಿಸಿ, ಪರೀಕ್ಷಿಸಿದ್ದು ಎ.ಪಿ. ಜಯರಾಜನ್ ಅವರ ಮುಂದಾಳ್ತನದಲ್ಲಿ ಸಂಸ್ಥೆಯ ದ್ಯುತಿ ಪ್ರಯೋಗಾಲಯವೇ. ಬಪ್ಪು 1982ರಲ್ಲಿ ತೀರಿಕೊಂಡರು. 1986ರ ಜನವರಿ 6ರಂದು ಉದ್ಘಾಟನೆಯಾದ ದೂರದರ್ಶಕಕ್ಕೆ ಅವರ ಹೆಸರನ್ನೇ ಇಡಲಾಯಿತು.

ಕೆಲಸದ ಮೊದಲ ಹಂತ ಒರಟಾದುದು. ಗಾಜಿನ ಮೇಲೆ ಕಾರ್ಬೊರಂಡಂ ಪುಡಿಯನ್ನು ನೀರಿನಲ್ಲಿ ಕಲಸಿ ಹಾಕಿ, ಮೇಲಿನಿಂದ ಭಾರವಾದ ಬಿಲ್ಲೆಯೊಂದನ್ನು ಆಡಿಸುತ್ತ, ಒಂದೊಂದು ಸುತ್ತಿಗೂ ಇನ್ನಷ್ಟು ನಯವಾದ ಪುಡಿಯನ್ನು ಬಳಸುತ್ತ ಹೋದಂತೆ, ಎರಡೂ ಮೇಲ್ಮೈಗಳು ಎಲ್ಲ ಸ್ಥಾನಗಳಲ್ಲೂ ಒಂದಕ್ಕೊಂದು ಹೊಂದಿಕೊಳ್ಳುವ ಆಕಾರಕ್ಕೆ, ಎಂದರೆ ಗೋಳದ ತುಣುಕಿನ ಆಕಾರಕ್ಕೆ, ತಾವಾಗಿಯೇ ಬಂದು ನಿಲ್ಲುತ್ತವೆ. ಗೋಳ ಹೀಗೆ ಅನಾಯಾಸವಾಗಿ ಸಿಗುವಂಥದು. ದೂರದರ್ಶಕಕ್ಕೆ ಬೇಕಾದುದು ಮಾತ್ರ ದೂರದ ಸಮಾಂತರ ಕಿರಣಗಳನ್ನು ಒಂದೇ ಬಿಂದುವಿಗೆ ತರುವ ಪರವಲಯದ ಆಕಾರ. ಕಾವಲೂರಿನ ಕನ್ನಡಿಯ ನಡುಭಾಗ ಅಂಚಿಗಿಂತ ಸುಮಾರು 45 ಮಿಲಿಮೀಟರ್ ತಗ್ಗಿನಲ್ಲಿದ್ದು, ಅದಕ್ಕೆ ಅತ್ಯಂತ ಸಮೀಪದ ಗೋಳಕ್ಕೂ ಪರವಲಯಕ್ಕೂ ಇರುವ ಅಂತರ ಹೆಚ್ಚೆಂದರೆ 17 ಮೈಕ್ರೋಮೀಟರ್. ಗೋಳದಿಂದ ಆಚೆಗಿನ ಈ ಅತ್ಯಲ್ಪ ದೂರವನ್ನು ಕ್ರಮಿಸುವುದರಲ್ಲಿಯೇ ಕೆಲಸಗಾರರ ತಿಂಗಳುಗಳು, ಕೆಲವೊಮ್ಮೆ ವರ್ಷಗಳು, ಕಳೆಯುತ್ತವೆ. ಈ ಹಂತದಲ್ಲಿ ಬಿಲ್ಲೆಗೆ ಪಿಚ್ ಎಂಬ ಕಪ್ಪು ಅಂಟುರಾಳವನ್ನು ಮೆತ್ತಿ, ಅದರ ಮೇಲೆ ಸೀರಿಯಂ ಆಕ್ಸೈಡಿನ ಸಣ್ಣ ಪುಡಿಯನ್ನು ಬಳಸಲಾಗುತ್ತದೆ. ಮುಟ್ಟಿದರೆ ಗಟ್ಟಿಯೆನಿಸುವ ಈ ರಾಳ ಒತ್ತಡಕ್ಕೆ ನಿಧಾನವಾಗಿ ಹರಿದು ಗಾಜಿನ ಏರುತಗ್ಗಿಗೆ ತನ್ನನ್ನು ಹೊಂದಿಸಿಕೊಳ್ಳುವುದರಿಂದ, ಕಂಪ್ಯೂಟರು ಯಂತ್ರವನ್ನು ನಡೆಸುವ ಇಂದಿನ ಕಾಲದಲ್ಲೂ ಇದನ್ನು ಸಂಪೂರ್ಣವಾಗಿ ಕೈಬಿಡಲಾಗಿಲ್ಲ.

ಆಕಾರದಲ್ಲಿ ಉಳಿಯಬಹುದಾದ ತಪ್ಪು ಬೆಳಕಿನ ತರಂಗಾಂತರದ ಸಣ್ಣ ಪಾಲಿಗಿಂತ ಹೆಚ್ಚಿರಬಾರದು. 2.34 ಮೀಟರಿನ ಕನ್ನಡಿಯನ್ನು ಬೆಂಗಳೂರಿನಿಂದ ಚಿತ್ರದುರ್ಗಕ್ಕೂ ಆಚೆಗೆ, 234 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರೆ, 50 ನ್ಯಾನೋಮೀಟರಿನ ಉಬ್ಬು ನೆಲದ ಮೇಲೆ ಐದು ಮಿಲಿಮೀಟರಿನ ದಿಬ್ಬವಾದೀತು. ಇಂಥದನ್ನು ಸ್ಪರ್ಶದಿಂದಾಗಲಿ ಸಾಮಾನ್ಯ ಮಾಪಕದಿಂದಾಗಲಿ ಹಿಡಿಯಲಾಗದ ಕಾರಣ ಬೆಳಕನ್ನೇ ಅಳತೆಗೋಲಾಗಿ ಬಳಸಬೇಕಾಗುತ್ತದೆ. ಫ್ರಾನ್ಸಿನ ಲಿಯೊನ್ ಫೂಕೊ 1858ರಲ್ಲಿ ಕೊಟ್ಟ ಉಪಾಯಕ್ಕೆ ಒಂದು ಸಣ್ಣ ದೀಪ, ಒಂದು ಬ್ಲೇಡು ಸಾಕು: ಕನ್ನಡಿಯಿಂದ ಮರಳುವ ಬೆಳಕು ಕೂಡುವ ಜಾಗದಲ್ಲಿ ಬ್ಲೇಡಿನ ಅಂಚನ್ನು ಮೆಲ್ಲನೆ ತೂರಿಸಿದರೆ, ಆಕಾರ ತಪ್ಪಿದ ಕಡೆಗಳಿಂದ ಬಂದ ಕಿರಣಗಳು ಬೇರೆ ಹೊತ್ತಿಗೆ ಮರೆಯಾಗಿ ಕನ್ನಡಿಯ ಮೇಲೆ ನೆರಳುಗಳು ಏಳುತ್ತವೆ. ಇಂದು ಹೆಚ್ಚು ಬಳಕೆಯಲ್ಲಿರುವ ಇಂಟರ್‌ಫೆರೊಮೀಟರು ಲೇಸರ್ ಬೆಳಕನ್ನು ಎರಡಾಗಿ ಒಡೆದು, ಒಂದನ್ನು ಮಾದರಿ ಮೇಲ್ಮೈಯಿಂದ, ಇನ್ನೊಂದನ್ನು ಪರೀಕ್ಷೆಗಿಟ್ಟ ಮೇಲ್ಮೈಯಿಂದ ಮರಳಿಸಿ ಮತ್ತೆ ಕೂಡಿಸುತ್ತದೆ. ಆಗ ಮೂಡುವ ಕಪ್ಪು-ಬಿಳುಪು ಪಟ್ಟಿಗಳಲ್ಲಿ ಒಂದರಿಂದ ಮುಂದಿನದಕ್ಕೆ ಅರ್ಧ ತರಂಗಾಂತರದ, ಎಂದರೆ ಕೆಂಪು ಹೀಲಿಯಂ-ನಿಯಾನ್ ಲೇಸರಿನಲ್ಲಿ ಸುಮಾರು 316 ನ್ಯಾನೋಮೀಟರಿನ, ಏರಿಳಿತವಿರುತ್ತದೆ. ಪಟ್ಟಿಯ ಅಲ್ಪ ಬಾಗನ್ನೂ ಕಂಪ್ಯೂಟರು ಅಳೆದು ಎಲ್ಲಿ ಎಷ್ಟು ತೀಡಬೇಕೆಂಬ ನಕ್ಷೆಯನ್ನು ಕೊಡುತ್ತದೆ. ಆದರೆ ಆ ಮಾದರಿ ಮೇಲ್ಮೈ ಸರಿಯಿದೆಯೆಂದು ನಂಬುವುದು ಹೇಗೆ? ಸಮತಲದ ಮಟ್ಟಿಗೆ ಇದಕ್ಕೆ ಸೊಗಸಾದ ಪರಿಹಾರವಿದ್ದು, ಯಾವುದೂ ಖಚಿತವಲ್ಲದ ಮೂರು ಫಲಕಗಳನ್ನು ಎರಡೆರಡಾಗಿ ಹೋಲಿಸಿ, ಮೂರರ ತಪ್ಪನ್ನೂ ಲೆಕ್ಕದಿಂದ ಬಿಡಿಸಿಕೊಳ್ಳಬಹುದು. ತಾಳ್ಮೆಯೂ ಈ ಉಪಕರಣಗಳ ಸಾಲಿಗೇ ಸೇರುತ್ತದೆ, ಏಕೆಂದರೆ ಉಜ್ಜಿದ ಗಾಜು ತಣಿಯುವವರೆಗೆ, ಕೋಣೆಯ ಗಾಳಿ ನೆಲೆಗೊಳ್ಳುವವರೆಗೆ ಯಾವ ಅಳತೆಗೂ ಬೆಲೆಯಿಲ್ಲ.

ಅಳತೆ ತಪ್ಪಿದರೆ ಏನಾಗುತ್ತದೆಂಬುದಕ್ಕೆ 1990ರಲ್ಲಿ ಬಾಹ್ಯಾಕಾಶಕ್ಕೇರಿದ ಹಬಲ್ ದೂರದರ್ಶಕಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅದರ ಕನ್ನಡಿಯ ನಯದಲ್ಲಿ ಕೊರತೆಯಿರಲಿಲ್ಲ. ಪರೀಕ್ಷಾ ಉಪಕರಣದ ಮಸೂರವೊಂದು 1.3 ಮಿಲಿಮೀಟರ್ ಅತ್ತಿತ್ತಾಗಿದ್ದುದರಿಂದ ಅಂಚಿನಲ್ಲಿ 2.2 ಮೈಕ್ರೋಮೀಟರ್ ಹೆಚ್ಚು ಸವೆದಿತ್ತು. ಸರಳವಾದ ಬೇರೆ ಪರೀಕ್ಷೆಗಳು ದೋಷವನ್ನು ತೋರಿಸಿಯೂ ಇದ್ದವು. ಅವುಗಳನ್ನು ನಂಬಲಿಲ್ಲ, ಅಷ್ಟೆ.

ಬೆಂಗಳೂರಿನ ಮಟ್ಟಿಗೆ ಈ ವಿದ್ಯೆಯ ಮತ್ತೊಂದು ನೆಲೆ ಪೀಣ್ಯದಲ್ಲಿರುವ ಇಸ್ರೊದ ಎಲೆಕ್ಟ್ರೊ-ಆಪ್ಟಿಕ್ಸ್ ಪ್ರಯೋಗಾಲಯವಾಗಿದ್ದು, ಉಪಗ್ರಹಗಳ ದಿಕ್ಕು ಗುರುತಿಸುವ ನಕ್ಷತ್ರ ಸಂವೇದಕಗಳೂ ಕ್ಯಾಮೆರಾಗಳ ದ್ಯುತಿಭಾಗಗಳೂ ಅಲ್ಲಿ ತಯಾರಾಗುತ್ತವೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯಲ್ಲಿ ಸೂರ್ಯನ ಹೊರ ವಾತಾವರಣವಾದ ಕರೋನಾವನ್ನು ನೋಡಲು ಖಭೌತ ಸಂಸ್ಥೆ ನಿರ್ಮಿಸಿದ ವೀಕ್ಷಕವಿದೆ. ಸೂರ್ಯಬಿಂಬಕ್ಕಿಂತ ಲಕ್ಷಾಂತರ ಪಟ್ಟು ಮಂಕಾದ ಕರೋನಾವನ್ನು ಕಾಣಬೇಕಾದ ಅದರ ಕನ್ನಡಿಗೆ ಆಕಾರವೊಂದೇ ಸಾಲದೆ, ಬೆಳಕು ಚದುರದಂತೆ ಪರಮಾಣುಗಳ ಅಳತೆಗೆ ಸಮೀಪವಾದ ನಯವೂ ಬೇಕಾಯಿತು.

ಆದರೂ ಈ ಕಥೆಯಲ್ಲೊಂದು ಕಂದಕವಿದೆ. ಕಾವಲೂರಿನ ಸಾಹಸದ ಬಳಿಕ ಲಡಾಖಿನ ಹಾನ್ಲೆಯ 2 ಮೀಟರ್ ದೂರದರ್ಶಕ ಅಮೆರಿಕದಿಂದ ಬಂತು, 2016ರಲ್ಲಿ ಕೆಲಸ ಆರಂಭಿಸಿದ ನೈನಿತಾಲ್ ಬಳಿಯ ದೇವಸ್ಥಳದ 3.6 ಮೀಟರ್ ಕನ್ನಡಿಗೆ ರಷ್ಯಾದಲ್ಲಿ ಹೊಳಪು ಕೊಡಿಸಲಾಯಿತು. ಕೈಯಲ್ಲಿರುವ ಕುಶಲತೆ ಕಾಗದದ ಮೇಲೆ ಉಳಿಯುವಂಥದಲ್ಲವಾದ್ದರಿಂದ ಇದು ಸಣ್ಣ ನಷ್ಟವಲ್ಲ. ಖಭೌತ ಸಂಸ್ಥೆಯ ಹೊಸಕೋಟೆ ಆವರಣದಲ್ಲಿ 2020ರ ಕೊನೆಗೆ ತೆರೆದ ಘಟಕ ಆ ಕಂದಕವನ್ನು ತುಂಬಬಹುದಾದುದು: ಹಲವು ದೇಶಗಳು ಕೂಡಿ ಕಟ್ಟಹೊರಟಿರುವ 30 ಮೀಟರ್ ದೂರದರ್ಶಕದ ಕನ್ನಡಿಯಾಗಿ ಜೋಡಿಸಬೇಕಿರುವ 492 ಷಟ್ಕೋನ ತುಣುಕುಗಳಿಗೆ ಬದಲಿ ತುಣುಕುಗಳೂ ಸೇರಿದ ಒಟ್ಟು ಸಂಖ್ಯೆಯಲ್ಲಿ ಎಂಬತ್ತಕ್ಕೂ ಹೆಚ್ಚಿನವುಗಳಿಗೆ ಅಲ್ಲಿ ಹೊಳಪು ಕೊಡಬೇಕೆಂಬುದು ಭಾರತದ ಪಾಲಿನ ಒಪ್ಪಂದ. ಗಾಜಿನ ಅಂಚನ್ನು ಲೆಕ್ಕ ಹಾಕಿ ಬಗ್ಗಿಸಿ ಹಿಡಿದು, ಸುಲಭವಾದ ಗೋಳಾಕಾರವನ್ನೇ ಅರೆದು, ಹಿಡಿತ ಬಿಟ್ಟಾಗ ಅದು ತಾನೇ ಬೇಕಾದ ಕ್ಲಿಷ್ಟ ಆಕಾರಕ್ಕೆ ಚಿಮ್ಮುವಂತೆ ಮಾಡುವ ವಿಧಾನ ಅಲ್ಲಿಯದು. ಹವಾಯಿಯ ಮೌನಾ ಕೀ ಪರ್ವತದಲ್ಲಿ ಆ ದೂರದರ್ಶಕದ ನಿರ್ಮಾಣ ಸ್ಥಳೀಯರ ವಿರೋಧದಿಂದ ವರ್ಷಗಳ ಕಾಲ ನಿಂತಿರುವುದರಿಂದ ಯೋಜನೆಯ ಭವಿಷ್ಯ ಅನಿಶ್ಚಿತ. ಯೋಜನೆ ಏನೇ ಆದರೂ ಹೊಸಕೋಟೆಯ ಯಂತ್ರಗಳಿಗೆ ದೇಶದೊಳಗಿನ ದೂರದರ್ಶಕಗಳ ಕೆಲಸವನ್ನಾದರೂ ಬಿಡುವಿಲ್ಲದೆ ಒದಗಿಸಬೇಕು.

ಬಪ್ಪು ದೂರದರ್ಶಕವನ್ನು ಕಣ್ಣಾರೆ ನೋಡಬಯಸುವವರಿಗೆ ಕಾವಲೂರಿನಲ್ಲಿ ಶನಿವಾರಗಳಂದು ಪ್ರವೇಶ ಕೊಡುವ ರೂಢಿಯಿದೆ. ಹೊರಡುವ ಮುನ್ನ ವೀಕ್ಷಣಾಲಯವನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.