ಗುಳ್ಳೆ ಕಂಡ ಮಾತ್ರಕ್ಕೆ ಹರ್ಪಿಸ್ ಅಲ್ಲ

ಜನನಾಂಗದ ಮೇಲೆ ಗುಳ್ಳೆಯೊಂದು ಕಂಡರೆ ಅನೇಕರು ಮೊದಲು ಮೊಬೈಲಿನಲ್ಲಿ ಚಿತ್ರ ಹುಡುಕುತ್ತಾರೆ. ಆಮೇಲೆ ಯಾರಿಗೂ ಹೇಳದೆ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬರುತ್ತಾರೆ. ವರದಿಯಲ್ಲಿ ‘ಪಾಸಿಟಿವ್’ ಎಂದಿದ್ದರೆ ನಿದ್ದೆ ಹೋಯಿತು. ಡಾಕ್ಟರಿಗೆ ತೋರಿಸುವುದು ಎಲ್ಲಕ್ಕಿಂತ ಕೊನೆಗೆ. ಇದು ತಲೆಕೆಳಗಾದ ಕ್ರಮ. ಹರ್ಪಿಸ್ ವಿಷಯದಲ್ಲಿ ನುರಿತ ಕಣ್ಣಿಗೆ ತಿಳಿಯುವಷ್ಟು ರಕ್ತದಿಂದ ತಿಳಿಯುವುದಿಲ್ಲ.

“ಅಲ್ಲಿ ಎದ್ದಿದ್ದೆಲ್ಲ ಲೈಂಗಿಕ ರೋಗ”

ಶಿಶ್ನದ ತುದಿಯ ಅಂಚಿನಲ್ಲಿ ಸಾಲಾಗಿ, ಒಂದೇ ಅಳತೆಯಲ್ಲಿರುವ ಮುತ್ತಿನಂಥ ಬೊಕ್ಕೆಗಳು ಪ್ರಾಯಕ್ಕೆ ಬಂದ ಎಷ್ಟೋ ಗಂಡಸರಲ್ಲಿರುತ್ತವೆ. ಅವು ರೋಗವೂ ಅಲ್ಲ, ಅಂಟುವಂಥವೂ ಅಲ್ಲ. ಹೆಂಗಸರ ಯೋನಿದ್ವಾರದ ಬಳಿಯೂ ಇಂಥ ಮೃದುವಾದ ಸಹಜ ರಚನೆಗಳಿರಬಹುದು. ಹಳದಿ ಛಾಯೆಯ ಬಿಳಿ ಚುಕ್ಕೆಗಳನ್ನು ಫೋರ್ಡೈಸ್ ಚುಕ್ಕೆ ಎನ್ನುತ್ತಾರೆ. ಅವು ಬರೀ ಎಣ್ಣೆಗ್ರಂಥಿಗಳು, ತುಟಿಯ ಮೇಲೂ ಕಾಣುತ್ತವೆ. ಶೇವ್ ಮಾಡಿದ ಮೇಲೆ ಕೂದಲ ಬುಡ ಊದಿಕೊಳ್ಳುವುದು ಇನ್ನೂ ಮಾಮೂಲು. ನಡುವೆ ಗುಳಿ ಬಿದ್ದ ಮೊಲ್ಲಸ್ಕಂ, ಎಚ್‌ಪಿವಿ ವೈರಸ್‌ನಿಂದ ಬರುವ ನರುಲಿ, ರಾತ್ರಿ ತುರಿಕೆ ಹೆಚ್ಚಿಸುವ ಕಜ್ಜಿ ಇವೆಲ್ಲ ಅಂಟುವ ಕಾಯಿಲೆಗಳೇ. ಆದರೆ ಹರ್ಪಿಸ್ ಅಲ್ಲ.

ಹರ್ಪಿಸ್‌ನ ನಡೆ ಬೇರೆ. ಕೆಂಪಾದ ಚರ್ಮದ ಮೇಲೆ ಸಣ್ಣ ನೀರುಗುಳ್ಳೆಗಳು ಗುಂಪಾಗಿ ಏಳುತ್ತವೆ, ಒಡೆದು ಉರಿಯುವ ಹುಣ್ಣಾಗುತ್ತವೆ, ಕೆಲವು ವಾರಗಳಲ್ಲಿ ಒಣಗಿ ಮಾಯುತ್ತವೆ. ಮೊದಲ ಸಲ ಜ್ವರ, ತೊಡೆಸಂದಿಯಲ್ಲಿ ಗಡ್ಡೆ, ಮೂತ್ರ ಮಾಡುವಾಗ ಉರಿಯೂ ಜೊತೆಗಿರಬಹುದು. ತಿಂಗಳುಗಟ್ಟಲೆ ಕದಲದೆ, ನೋಯದೆ ಕೂತ ಬೊಕ್ಕೆ ಹರ್ಪಿಸ್ ಆಗಿರುವುದು ತೀರಾ ಅಪರೂಪ.

“ಐಜಿಎಂ ಪಾಸಿಟಿವ್, ಅಂದರೆ ಈಗಷ್ಟೇ ತಗುಲಿದೆ”

ಹೆಚ್ಚು ಮನೆಗಳನ್ನು ಕಲಕಿದ ತಪ್ಪು ತಿಳಿವಳಿಕೆ ಇದು. ರಕ್ತದಲ್ಲಿ ಐಜಿಎಂ ಎಂಬ ಪ್ರತಿಕಾಯವನ್ನು ಹುಡುಕುವ ಹರ್ಪಿಸ್ ಪರೀಕ್ಷೆ ವೈರಸ್‌ನ ಟೈಪ್ 1, ಟೈಪ್ 2 ಎಂಬ ಎರಡು ಬಗೆಗಳನ್ನು ಬೇರ್ಪಡಿಸಿ ಹೇಳಲಾರದು. ಹಳೆಯ ಸೋಂಕು ಮರುಕಳಿಸಿದಾಗಲೂ ಪಾಸಿಟಿವ್ ಬರಬಹುದು, ಸೋಂಕೇ ಇಲ್ಲದವರಲ್ಲೂ ಬರಬಹುದು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಇದನ್ನು ಬಳಸಬೇಡಿ ಎಂದೇ ಹೇಳಿದೆ. ಆದರೂ ನಮ್ಮಲ್ಲಿ ಗರ್ಭಿಣಿಯರಿಗೆ ಬರೆದುಕೊಡುವ ಟಾರ್ಚ್ ಎಂಬ ಹಲವು ಸೋಂಕುಗಳ ರಕ್ತಪರೀಕ್ಷೆಯಲ್ಲಿ ಇದು ನುಸುಳಿ ಬರುತ್ತದೆ. ಆ ಒಂದು ಸಾಲನ್ನು ಹಿಡಿದು ಗಂಡನ ನಡತೆಯನ್ನೋ ಹೆಂಡತಿಯ ನಡತೆಯನ್ನೋ ಅಳೆಯುವುದು ಅನ್ಯಾಯ. ನಿಜವಾದ ಸೋಂಕಿದ್ದರೂ ಅದು ವರ್ಷಗಟ್ಟಲೆ ಸುಮ್ಮನಿದ್ದು ಈಗ ಮೊದಲ ಸಲ ಹೊರಬಿದ್ದಿರಬಹುದು.

ಐಜಿಜಿ ಎಂಬ ಇನ್ನೊಂದು ಪ್ರತಿಕಾಯದ ಪರೀಕ್ಷೆ ಇದಕ್ಕಿಂತ ಮೇಲು, ಆದರೆ ಅದಕ್ಕೂ ಮಿತಿಯಿದೆ. ಟೈಪ್ 1 ಐಜಿಜಿ ಪಾಸಿಟಿವ್ ಬಂದರೆ ಬಾಲ್ಯದಲ್ಲಿ ಯಾರೋ ಕೊಟ್ಟ ಮುತ್ತೂ ಕಾರಣವಿರಬಹುದು. ವೈರಸ್ ಬಾಯಲ್ಲಿದೆಯೋ ಕೆಳಗಿದೆಯೋ ಎಂದು ಅದು ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 50ರೊಳಗಿನ ವಯಸ್ಸಿನವರಲ್ಲಿ ಶೇ. 64ರಷ್ಟು ಜನರಲ್ಲಿ ಟೈಪ್ 1 ಇದೆ. ಟೈಪ್ 2 ವರದಿಯಲ್ಲಿ ಸಂಖ್ಯೆಯನ್ನೂ ನೋಡಬೇಕು. ಸಾಮಾನ್ಯವಾಗಿ ಬಳಸುವ ಪರೀಕ್ಷೆಗಳಲ್ಲಿ ಸೂಚ್ಯಂಕ 1.1 ದಾಟಿದರೆ ಪಾಸಿಟಿವ್ ಎಂದು ಬರೆಯುತ್ತಾರೆ, ಆದರೆ 3ರೊಳಗಿನ ಪಾಸಿಟಿವ್‌ಗಳಲ್ಲಿ ಸುಳ್ಳು ಪಾಲು ದೊಡ್ಡದು. ಬೇರೆ ವಿಧಾನದ ಎರಡನೇ ಪರೀಕ್ಷೆಯಿಲ್ಲದೆ ಅದನ್ನು ನಂಬುವಂತಿಲ್ಲ. ಲಕ್ಷಣವೇ ಇಲ್ಲದವರಿಗೆ ಹರ್ಪಿಸ್ ರಕ್ತಪರೀಕ್ಷೆ ಬೇಡ ಎಂದು ಅಮೆರಿಕದ ತಜ್ಞರ ಕಾರ್ಯಪಡೆ 2016ರಲ್ಲಿ ಹೇಳಿ, 2023ರಲ್ಲಿ ಮತ್ತೆ ಅದನ್ನೇ ಹೇಳಿದ್ದು ಇಂಥ ಕಾರಣಗಳಿಗಾಗಿಯೇ.

“ನೆಗೆಟಿವ್ ಬಂತು, ಬಚಾವಾದೆ”

ಸಂಪರ್ಕವಾದ ವಾರಕ್ಕೇ ಪರೀಕ್ಷಿಸಿದರೆ ಆ ನೆಗೆಟಿವ್‌ಗೆ ಬೆಲೆಯಿಲ್ಲ. ಪ್ರತಿಕಾಯಗಳು ಮೂಡಲು 12ರಿಂದ 16 ವಾರ ಹಿಡಿಯಬಹುದು.

“ಹರ್ಪಿಸ್ ಅಂದರೆ ಸರ್ಪಸುತ್ತು”

ಒಂದೇ ಕುಟುಂಬದ ವೈರಸ್‌ಗಳು, ಬೇರೆ ಬೇರೆ ಕಾಯಿಲೆಗಳು. ಸರ್ಪಸುತ್ತು ಹಳೆಯ ಸೀತಾಳೆ ಸಿಡುಬಿನ ವೈರಸ್ ಮತ್ತೆ ಎದ್ದದ್ದು; ಅದಕ್ಕೂ ಲೈಂಗಿಕ ಸಂಪರ್ಕಕ್ಕೂ ಸಂಬಂಧವಿಲ್ಲ. ಸುತ್ತು ಪೂರ್ತಿಯಾದರೆ ಸಾವು ಎಂಬ ಮಾತಂತೂ ಬರೀ ಹೆದರಿಕೆ.

ಹಾಗಾದರೆ ನಂಬಬಹುದಾದದ್ದು ಯಾವುದು? ಹಸಿ ಹುಣ್ಣಿನಿಂದ ತೆಗೆದ ಸ್ವಾಬ್‌ನ ಪಿಸಿಆರ್ ಪರೀಕ್ಷೆ. ಒಣಗತೊಡಗಿದ ಹುಣ್ಣಿನಲ್ಲಿ ವೈರಸ್ ಸಿಗದೇ ಹೋಗಬಹುದು. ಆದ್ದರಿಂದ ಗುಳ್ಳೆ ಎದ್ದ ಒಂದೆರಡು ದಿನದಲ್ಲೇ ಚರ್ಮರೋಗ ತಜ್ಞರಲ್ಲಿಗೋ ಸರ್ಕಾರಿ ಆಸ್ಪತ್ರೆಯಲ್ಲಿ ಲೈಂಗಿಕ ಕಾಯಿಲೆ ನೋಡುವ ಸುರಕ್ಷಾ ಕ್ಲಿನಿಕ್‌ಗೋ ಹೋಗಿ. ಹರ್ಪಿಸ್ ಎಂದೇ ಆದರೆ ಅಸೈಕ್ಲೋವಿರ್ ಮಾತ್ರೆ ಬೇಗ ಶುರುಮಾಡಿದಷ್ಟೂ ಅನುಕೂಲ. ವೈರಸ್ ದೇಹದಲ್ಲೇ ಉಳಿಯುತ್ತದೆ, ಆದರೆ ಬಾಧೆ ಹತೋಟಿಗೆ ಬರುತ್ತದೆ. ಮೆಡಿಕಲ್ ಅಂಗಡಿಯವರು ಕೊಟ್ಟ ಸ್ಟಿರಾಯ್ಡ್ ಮುಲಾಮು ಹಚ್ಚಬೇಡಿ. ರಕ್ತ ಕೊಡಲೇಬೇಕೆಂದಿದ್ದರೆ ಸಿಫಿಲಿಸ್ ಮತ್ತು ಎಚ್‌ಐವಿ ಪರೀಕ್ಷೆಗೆ ಕೊಡಿ. ಅಲ್ಲಿ ರಕ್ತದ ಮಾತಿಗೆ ತೂಕವಿದೆ. ಹೋಗಲು ಸಂಕೋಚವಾದರೆ ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ ಕೇಳಿ, ಆ ಕರೆಗೆ ದುಡ್ಡಿಲ್ಲ.