ಮುಖಕ್ಕೆ ಹಚ್ಚುವ ಮುಲಾಮೂ ಔಷಧವೇ

ಹರೆಯದ ಮಕ್ಕಳಿಗೆ ಮೊಡವೆ, ನಡುವಯಸ್ಸಿನ ತಾಯಂದಿರಿಗೆ ಭಂಗು. ಇವು ಅನೇಕ ಮನೆಗಳಲ್ಲಿ ಕಾಣುವ ತೊಂದರೆಗಳು. ದೀಪಾಂಜಲಿ ನಗರದಂತಹ ಬಡಾವಣೆಗಳಲ್ಲಿ ಔಷಧದ ಅಂಗಡಿ ಸಮೀಪದಲ್ಲಿಯೇ ಇರುವುದರಿಂದ, ನೆರೆಯವರಿಗೆ ಗುಣಕೊಟ್ಟ ಮುಲಾಮಿನ ಹೆಸರು ಹೇಳಿ ಕೊಂಡುತರುವುದು ಸುಲಭ. ಅಪಾಯ ಹುಟ್ಟುವುದೂ ಅಲ್ಲಿಯೇ.

ವೈದ್ಯರು ಮೊಡವೆಗೆ ಬರೆದುಕೊಡುವ ಟ್ರೆಟಿನಾಯಿನ್, ಅಡಾಪಲೀನ್ ಮೊದಲಾದವು ‘ಎ’ ಜೀವಸತ್ವದ ಬಳಗಕ್ಕೆ ಸೇರಿದ ರೆಟಿನಾಯ್ಡ್ ಔಷಧಗಳು. ಇವು ಚರ್ಮದ ಕೋಶಗಳು ಹುಟ್ಟಿ ಉದುರುವ ಕ್ರಮವನ್ನು ಸರಿಪಡಿಸಿ, ರಂಧ್ರಗಳು ಮುಚ್ಚಿಹೋಗದಂತೆ ತಡೆಯುತ್ತವೆ. ಫಲ ಕಾಣಲು 8ರಿಂದ 12 ವಾರಗಳು ಬೇಕು. ಮೊದಲ ವಾರಗಳಲ್ಲಿ ಚರ್ಮ ಒಣಗಿ ಸಿಪ್ಪೆಯೇಳುವುದುಂಟು. ಮೊಡವೆ ಹೆಚ್ಚಿದಂತೆಯೂ ತೋರಬಹುದು. ಬೇಗ ಗುಣವಾಗಲೆಂದು ಹೆಚ್ಚು ಹಚ್ಚಿದರೆ ಉರಿ ಹೆಚ್ಚುವುದೇ ಹೊರತು ಗುಣವಲ್ಲ.

ರಾತ್ರಿ ಮುಖ ತೊಳೆದು, ಪೂರ್ಣವಾಗಿ ಒಣಗಿದ ಬಳಿಕ, ಬಟಾಣಿ ಕಾಳಿನಷ್ಟು ಮುಲಾಮನ್ನು ಇಡೀ ಮುಖಕ್ಕೆ ತೆಳುವಾಗಿ ಸವರಬೇಕು. ಕಣ್ಣಿನ ಸುತ್ತ, ತುಟಿ, ಮೂಗಿನ ಅಂಚು ಹಾಗೂ ಗಾಯವಿರುವ ಜಾಗವನ್ನು ಬಿಡಬೇಕು. ಆರಂಭದಲ್ಲಿ ಎರಡು ಮೂರು ದಿನಗಳಿಗೊಮ್ಮೆ ಹಚ್ಚಿ, ಚರ್ಮ ಒಗ್ಗಿದಂತೆ ವೈದ್ಯರ ಸಲಹೆಯ ಮೇರೆಗೆ ಹೆಚ್ಚಿಸಬಹುದು. ಹಗಲಿನಲ್ಲಿ ಎಸ್‌ಪಿಎಫ್ 30 ಅಥವಾ ಅದಕ್ಕೂ ಹೆಚ್ಚಿನ ಸನ್‌ಸ್ಕ್ರೀನ್ ಅವಶ್ಯಕ. ಮೈಸೂರು ರಸ್ತೆಯಲ್ಲಿ ಬಸ್ಸಿಗಾಗಿ ಕಾಯುವವರು ಕೊಡೆಯನ್ನೂ ಹಿಡಿಯಲಿ. ಈ ಅವಧಿಯಲ್ಲಿ ಮುಖಕ್ಕೆ ನಿಂಬೆರಸ, ಸ್ಕ್ರಬ್, ವ್ಯಾಕ್ಸಿಂಗ್ ಬೇಡ. ಹಣೆಯ ಚರ್ಮ ಸಿಪ್ಪೆಯೆದ್ದಿದ್ದರೆ ವಿಭೂತಿಯನ್ನು ಉಜ್ಜದೆ ಹಗುರವಾಗಿ ಧರಿಸಿದರಾಯಿತು.

ಗರ್ಭಿಣಿಯರು ಮತ್ತು ಗರ್ಭಧಾರಣೆಯನ್ನು ಬಯಸುವವರು ಈ ಮುಲಾಮುಗಳನ್ನು ಬಳಸಬಾರದು. ಇದೇ ಬಳಗದ ಐಸೊಟ್ರೆಟಿನಾಯಿನ್ ಮಾತ್ರೆಯಂತೂ ಗರ್ಭಸ್ಥ ಶಿಶುವಿನಲ್ಲಿ ತೀವ್ರ ಅಂಗವೈಕಲ್ಯ ಉಂಟುಮಾಡಬಲ್ಲದು. ಹೊಸದಾಗಿ ವಿವಾಹವಾದ ಹೆಣ್ಣುಮಕ್ಕಳು ಸಂಕೋಚಪಡದೆ ವೈದ್ಯರಿಗೆ ಇದನ್ನು ಮೊದಲೇ ತಿಳಿಸಬೇಕು.

ಮತ್ತೊಂದು ಎಚ್ಚರ ಅಗತ್ಯ. ಭಂಗಿಗೆಂದು ದೊರೆಯುವ ಕೆಲವು ಮುಲಾಮುಗಳಲ್ಲಿ ಟ್ರೆಟಿನಾಯಿನ್ ಜೊತೆಗೆ ಹೈಡ್ರೊಕ್ವಿನೋನ್ ಮತ್ತು ಸ್ಟೀರಾಯ್ಡ್ ಬೆರೆತಿರುತ್ತವೆ. ಮೊದಲು ಮುಖ ಬೆಳ್ಳಗಾದಂತೆ ತೋರುವುದರಿಂದ ಇವನ್ನು ಬಣ್ಣದ ಕ್ರೀಮಿನಂತೆ ತಿಂಗಳುಗಟ್ಟಲೆ ಹಚ್ಚುವವರಿದ್ದಾರೆ. ಕ್ರಮೇಣ ಚರ್ಮ ತೆಳುವಾಗಿ, ರಕ್ತನಾಳಗಳು ಕಾಣತೊಡಗಿ, ಬೇಡದ ರೋಮ ಬೆಳೆಯುತ್ತದೆ. ನಿಲ್ಲಿಸಿದೊಡನೆ ಮುಖ ಕೆಂಪೇರಿ ಉರಿಯುತ್ತದೆ. ಈ ದುರ್ಬಳಕೆಯನ್ನು ತಡೆಯಲೆಂದೇ 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವು 14 ಬಗೆಯ ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು.

ಈಗಾಗಲೇ ಇಂತಹ ಮುಲಾಮು ಬಳಸುತ್ತಿರುವವರು ಆ ಟ್ಯೂಬನ್ನೇ ಹಿಡಿದು ಚರ್ಮತಜ್ಞರನ್ನು ಕಾಣಲಿ. ದೀಪಾಂಜಲಿ ನಗರದಿಂದ ಮೆಟ್ರೊದಲ್ಲಿ ಹೊರಟು, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ, ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದರೆ ಸರ್ಕಾರಿ ವಿಕ್ಟೋರಿಯಾ ಆಸ್ಪತ್ರೆಯಿದೆ. ದೇವರು ಕೊಟ್ಟ ಮೈಬಣ್ಣ ರೋಗವಲ್ಲ. ಅದಕ್ಕೆ ಔಷಧ ಬೇಡ. ರೋಗವಿದ್ದರೆ ವೈದ್ಯರ ಚೀಟಿ ಇರಲಿ, ಜೊತೆಗೆ ತಾಳ್ಮೆಯೂ ಇರಲಿ.